ಭಾವನ ಜೀಪಿನ ಗುಂಯ್ ಸದ್ದು

ಭಾವನ ಗಂಟಲು ಭಾವನಿಗಿಂತ ಮೊದಲೇ ಏಳುತ್ತಿತ್ತು. ಮನುಷ್ಯ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುವಾಗಲೇ ಒಳಗೊಂದು ಗೊರಗೊರ ಶುರುವಾಗಿ, ಎದೆಯ ತಳದಿಂದ ಏನನ್ನೋ ಕೆರೆದು ಮೇಲಕ್ಕೆ ತಂದು, ಅದನ್ನು ಬಾಯಲ್ಲೇ ಒಂದು ಗಳಿಗೆ ಇಟ್ಟುಕೊಂಡು, ಆಮೇಲೆ ಬಚ್ಚಲಿಗೆ ಹೊತ್ತೊಯ್ಯುತ್ತಿತ್ತು. ಖ್ಯಾ...ಕ್. ಥೂ. ಬಚ್ಚಲಿಗೂ ಚೊಕ್ಕಣ್ಣನ ತಲೆದಿಂಬಿಗೂ ನಡುವೆ ಇದ್ದದ್ದು ಒಂದೇ ಒಂದು ಗೋಡೆ, ಅದೂ ತೆಳ್ಳಗಿನದು. ಚೊಕ್ಕಣ್ಣ ದಿಂಬನ್ನು ಕಿವಿಗೆ ಒತ್ತಿಕೊಂಡು, ಇವತ್ತು ಒಂದೇ ಸಲಕ್ಕೆ ಮುಗಿಯಲಿ ಎಂದು ಬೇಡಿಕೊಳ್ಳುತ್ತಿದ್ದ. ಒಂದೇ ಸಲಕ್ಕೆ ಮುಗಿದ ದಿನವೇ ಇರಲಿಲ್ಲ.

ಚೊಕ್ಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಲ್ಲುಗಣಿಯ ವರ್ಕ್‌ಶಾಪಿನವರು ಇಟ್ಟದ್ದು. ಗಣಿಯ ಟಿಪ್ಪರುಗಳಲ್ಲೂ ಜೀಪುಗಳಲ್ಲೂ ಇದ್ದ ವಾಕಿಟಾಕಿಯಂಥ ರೇಡಿಯೋಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವನು. ಕೈಗೆ ಒಂದು ಚುಕ್ಕೆ ಗ್ರೀಸ್ ಅಂಟಿದರೂ ಎದ್ದು ಹೋಗಿ ತೊಳೆದು ಬರುತ್ತಿದ್ದ. ತನ್ನ ಸೋಪನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಿದ್ದ. ‘ಚೊಕ್ಕಣ್ಣ ಸೋಪು ತೊಳ್ಯೋಕೆ ಬೇರೆ ಸೋಪು ಇಟ್ಟಿದಾನೆ’ ಎಂದು ಡ್ರೈವರುಗಳು ಆಡಿಕೊಂಡು ನಗುತ್ತಿದ್ದರು. ನಕ್ಕವರ ಹಲ್ಲುಗಳ ಬಣ್ಣ ನೋಡಿ ಚೊಕ್ಕಣ್ಣ ಇನ್ನೊಮ್ಮೆ ಕೈ ತೊಳೆಯಲು ಎದ್ದು ಹೋಗುತ್ತಿದ್ದ.

ಭಾವ ಎಂದರೆ ಹೆಂಡತಿಯ ಅಣ್ಣ. ಅದೇ ಗಣಿಯಲ್ಲಿ ಮೇಲ್ವಿಚಾರಕ. ಹೆಂಡತಿ ಬಿಟ್ಟುಹೋದ ಮೇಲೆ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ಟ್ರಂಕಿನೊಂದಿಗೆ ತಂಗಿಯ ಮನೆಗೆ ಬಂದವನು ಆ ಟ್ರಂಕನ್ನು ಮಂಚದ ಕೆಳಗೆ ತಳ್ಳಿದ. ಮತ್ತೆ ಅದು ಹೊರಗೆ ಬರಲಿಲ್ಲ. ಅವನ ಹೆಂಡತಿ ಯಾಕೆ ಬಿಟ್ಟುಹೋದಳೆಂಬುದು ಒಂದು ವಾರದಲ್ಲೇ ಚೊಕ್ಕಣ್ಣನಿಗೆ ಅರ್ಥವಾಯಿತು. ಭಾವ ಊಟಕ್ಕೆ ಕೂತರೆ ಚಪ್ಪರಿಸುವ ಸದ್ದು ಬೀದಿಗೆ ಕೇಳುತ್ತಿತ್ತು. ಬಡಿಸುವ ಸೌಟನ್ನು ನೆಕ್ಕಿ ಪಾತ್ರೆಗೇ ಇಳಿಬಿಡುತ್ತಿದ್ದ. ಟೀವಿ ನೋಡುತ್ತ ಕಾಲ ಉಗುರನ್ನು ಕೈಯಲ್ಲೇ ಕಿತ್ತು, ಒಮ್ಮೆ ಮೂಸಿ ನೋಡಿ, ಸೋಫಾದ ಸಂದಿಗೆ ತುರುಕುತ್ತಿದ್ದ. ಒಂದು ದಿನ ಸ್ನಾನ ಮುಗಿಸಿದ ಚೊಕ್ಕಣ್ಣ ತನ್ನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಾಗ ಅದು ಆಗಲೇ ಒದ್ದೆಯಾಗಿತ್ತು, ಮೂಗಿಗೆ ಭಾವನ ಕಂಕುಳ ವಾಸನೆ ಬಂತು. ಆ ಟವೆಲ್ಲನ್ನು ಹಿತ್ತಲಲ್ಲಿ ಸುಟ್ಟುಹಾಕಿದ. ಹೊಗೆಯಲ್ಲೂ ಅದೇ ವಾಸನೆ ಇತ್ತೆಂದು ಅವನು ಆಣೆ ಮಾಡಿ ಹೇಳಬಲ್ಲ.

ಒಂದು ಮಾತು ಹೇಳಿಬಿಡಬೇಕು. ಭಾವ ಕೆಟ್ಟವನಲ್ಲ. ಕೊಳಕ. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿ, ಮದುವೆ ಮಾಡಿಕೊಟ್ಟವನು ಅವನೇ. ಕೆಟ್ಟವನಿಗೂ ಕೊಳಕನಿಗೂ ವ್ಯತ್ಯಾಸವಿದೆಯೆಂದು ಚೊಕ್ಕಣ್ಣನಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಕೇಳುತ್ತಿದ್ದ ಆಸಾಮಿಯೂ ಅವನಲ್ಲ.

ಒಂದೇ ಒಂದು ಸಲ ಅವನು ಹೆಂಡತಿಯ ಹತ್ತಿರ ಬಾಯಿಬಿಟ್ಟಿದ್ದ. ಅವಳು ಪಾತ್ರೆ ಒರೆಸುತ್ತಿದ್ದಳು.

‘ನಿಮ್ಮಣ್ಣ ಬೇರೆ ಮನೆ ನೋಡ್ಕೊಳ್ಳೋ ಯೋಚನೆ ಏನಾದ್ರೂ ಇದ್ಯಾ?’

‘ಯಾಕ್ರೀ? ಅವನೇನು ನಿಮ್ಮ ತಲೆ ಮೇಲೆ ಕೂತಿದಾನಾ?’

‘ತಲೆ ಮೇಲೆ ಕೂತಿದ್ರೆ ಪರವಾಗಿರ್ಲಿಲ್ಲ. ಬಚ್ಚಲಲ್ಲಿ ಕೂತಿದಾನೆ.’

ಅವಳು ನಗಲಿಲ್ಲ. ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ‘ನೋಡಿ, ಅವನಿಗೆ ನನ್ನ ಬಿಟ್ರೆ ಯಾರೂ ಇಲ್ಲ. ಅವನು ಸಾಯೋವರೆಗೂ ಇಲ್ಲೇ ಇರ್ತಾನೆ. ನಿಮಗೆ ಕಷ್ಟ ಆದ್ರೆ ಹೇಳಿ, ಅಣ್ಣ ತಂಗಿ ಇಬ್ರೂ ಹೋಗ್ತೀವಿ.’

ಅವಳು ಹೋಗುವುದು ಬೇಕಿರಲಿಲ್ಲ. ಹೆಂಡತಿ ಬೇಕಿತ್ತು, ಮನೆ ಬೇಕಿತ್ತು, ಬಚ್ಚಲು ಬೇಕಿತ್ತು. ಒಣಗಿದ ಒಂದು ಟವೆಲ್ಲು ಬೇಕಿತ್ತು. ಅವಳ ಮಾತಿನಲ್ಲಿ ಅವನ ಮನಸ್ಸಿಗೆ ಅಂಟಿಕೊಂಡದ್ದು ಒಂದೇ: ಸಾಯೋವರೆಗೂ. ಅವಧಿಯೊಂದನ್ನು ಅವಳೇ ಗೊತ್ತುಮಾಡಿ ಕೊಟ್ಟಿದ್ದಳು. ಅದನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರೆ ಯಾರ ಮಾತನ್ನೂ ಮೀರಿದಂತಾಗುವುದಿಲ್ಲ ಎಂದು ಅವನು ಲೆಕ್ಕ ಹಾಕಿದ.

ಮನೆಯಲ್ಲಿ ಸಾಲದೆಂದು ಭಾವನ ಗಂಟಲು ವರ್ಕ್‌ಶಾಪಿಗೂ ಬರುತ್ತಿತ್ತು. ಅಲ್ಲಿ ಗೋಡೆಗೆ ಹಾಕಿದ್ದ ರೇಡಿಯೋದಲ್ಲಿ ಎಲ್ಲ ಗಾಡಿಗಳ ಮಾತೂ ಕೇಳಿಸುತ್ತಿತ್ತು. ಉಳಿದವರು ಮೈಕಿನ ಗುಂಡಿ ಒತ್ತಿ ಮಾತಾಡುತ್ತಿದ್ದರು. ಭಾವ ಗುಂಡಿ ಒತ್ತಿ ಮೊದಲು ಕೆಮ್ಮುತ್ತಿದ್ದ, ಕ್ಯಾಕರಿಸುತ್ತಿದ್ದ, ಆಮೇಲೆ ಮಾತು. ಇಡೀ ಗಣಿಗೆ ಪ್ರಸಾರ. ಇದರಲ್ಲಿ ಚೊಕ್ಕಣ್ಣನ ತಪ್ಪೂ ಇತ್ತು, ಅಷ್ಟು ಸ್ಪಷ್ಟವಾಗಿ ಕೇಳುವಂತೆ ಮಾಡಿದವನು ಅವನೇ.

ಗಾಡಿಯ ರೇಡಿಯೋದಲ್ಲಿ ಬೇಡದ ಸದ್ದು ಸೇರಿಕೊಂಡರೆ ಅದನ್ನು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೊದಲು ಇಂಜಿನ್ ಆರಿಸುತ್ತಿದ್ದ. ಸದ್ದು ನಿಂತರೆ ಕಳ್ಳ ಗಾಡಿಯೊಳಗೇ ಇದ್ದಾನೆ. ಮತ್ತೆ ಇಂಜಿನ್ ಹಚ್ಚಿ, ಆಕ್ಸಿಲರೇಟರ್ ತುಳಿದಂತೆಲ್ಲ ಗುಂಯ್ ಎನ್ನುವ ದನಿ ಏರುತ್ತ ಹೋದರೆ ಅದು ಬ್ಯಾಟರಿಗೆ ಚಾರ್ಜು ಕೊಡುವ ಆಲ್ಟರ್ನೇಟರಿನ ಕೆಲಸ. ಚಟಚಟ ಎಂದರೆ ಪ್ಲಗ್ಗಿನ ಕಿಡಿ. ವೈಪರ್ ಹಾಕಿದಾಗ ಮಾತ್ರ ಗೊರ್ ಎಂದರೆ ಅದರ ಪುಟ್ಟ ಮೋಟರು. ಭಾವನ ಹಳೆಯ ಪೆಟ್ರೋಲ್ ಜೀಪಿನಲ್ಲಿ ಒಂದು ಕಾಲಕ್ಕೆ ಇವೆಲ್ಲ ಒಟ್ಟಿಗೇ ಸಂಸಾರ ಹೂಡಿದ್ದವು. ಚೊಕ್ಕಣ್ಣ ಆಲ್ಟರ್ನೇಟರಿನಿಂದ ಒಂದು ತಂತಿ ಎಳೆದು ಹೆಬ್ಬೆರಳು ಗಾತ್ರದ ಕಂಡೆನ್ಸರಿಗೆ ಸೇರಿಸಿದ. ಕೊಳೆನೀರನ್ನು ಮೋರಿಗೆ ತಿರುಗಿಸಿದ ಹಾಗೆ ಅದು ಗದ್ದಲವನ್ನು ಗಾಡಿಯ ಮೈಗೆ ಇಳಿಸಿಬಿಡುತ್ತದೆ. ಬಾನೆಟ್ಟಿಗೂ ಗಾಡಿಯ ಮೈಗೂ ನಡುವೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯನ್ನು ಬಿಗಿದ. ಪಟ್ಟಿ ಕೂರುವ ಕಡೆ ಬಣ್ಣ ಕೆರೆದು ಲೋಹ ಹೊಳೆಯುವವರೆಗೆ ಉಜ್ಜಿದ. ರೇಡಿಯೋಕ್ಕೆ ಬೇಕಾದ ಕರೆಂಟನ್ನು ಬೇರೆ ತಂತಿಗಳ ಸಹವಾಸವಿಲ್ಲದೆ ನೇರ ಬ್ಯಾಟರಿಯಿಂದ ತಂದ. ಗದ್ದಲವೆಲ್ಲ ಹೋಯಿತು. ಉಳಿದದ್ದು ಭಾವ.

ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದರೆ? ಈ ಯೋಚನೆ ಬಂದದ್ದು ಕೈ ತೊಳೆಯುವಾಗ.

ಗಣಿಯ ತಳದಿಂದ ಮೇಲಕ್ಕೆ ಬರುವ ದಾರಿಯಲ್ಲಿ ಬಂಡೆಯೊಂದು ಅಡ್ಡ ನಿಂತಿತ್ತು, ಅದನ್ನು ಸುತ್ತಿ ಹೋಗುವ ಕಡೆ ಒಂದೇ ಗಾಡಿಗೆ ಜಾಗ. ಅದನ್ನು ಎಲ್ಲರೂ ಕುರುಡು ತಿರುವು ಎನ್ನುತ್ತಿದ್ದರು. ಅಲ್ಲಿನ ನಿಯಮ ಸರಳ: ಕಲ್ಲು ಹೇರಿಕೊಂಡು ಹತ್ತುವ ಟಿಪ್ಪರು ರೇಡಿಯೋದಲ್ಲಿ ಕೂಗಿ ಹೇಳಬೇಕು, ಇಳಿಯುವ ಚಿಕ್ಕ ಗಾಡಿ ಸುಮ್ಮನೆ ಕೇಳಿಸಿಕೊಳ್ಳಬೇಕು. ಕೂಗು ಕೇಳಿದರೆ ತಿರುವಿನ ಈಚೆ ಅಗಲವಾದ ಕಡೆ ನಿಲ್ಲಬೇಕು. ಚಿಕ್ಕ ಗಾಡಿಯವರು ಅಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ, ಎಲ್ಲರೂ ಮಾತಾಡಿದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲವೆಂದು. ಲೋಡಿನ ಟಿಪ್ಪರಿಗೆ ಅಲ್ಲಿ ನಿಲ್ಲಲು ಆಗದು. ನಿಂತರೆ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಜೀಪಿನವನ ಜೀವ ಅವನ ಕಿವಿಯಲ್ಲಿತ್ತು.

ಆದರೆ ಬರೀ ಗದ್ದಲ ಸಾಲದು. ಗದ್ದಲವಿದ್ದರೆ ಮನುಷ್ಯ ಹುಷಾರಾಗುತ್ತಾನೆ, ನಿಂತು ನೋಡುತ್ತಾನೆ. ಬೇಕಾದದ್ದು ಮೌನ. ಆ ಮೌನವನ್ನು ಭಾವನೇ ತನ್ನ ಕೈಯಾರೆ ತಂದುಕೊಳ್ಳಬೇಕು. ಇಲ್ಲಿಯೇ ಚೊಕ್ಕಣ್ಣನ ಜಾಣತನ ಇದ್ದದ್ದು. ಆ ರೇಡಿಯೋಗಳಲ್ಲಿ ವಾಲ್ಯೂಮಿನ ಪಕ್ಕಕ್ಕೆ ಇನ್ನೊಂದು ಚಿಕ್ಕ ಗುಂಡಿ ಇತ್ತು. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಗದ್ದಲ ಅಡಗುತ್ತದೆ. ಪೂರ್ತಿ ತಿರುಗಿಸಿದರೆ ಗದ್ದಲದ ಜೊತೆಗೆ ದೂರದ, ಬಂಡೆಯ ಮರೆಯ, ಕ್ಷೀಣವಾದ ದನಿಗಳೂ ಸತ್ತುಹೋಗುತ್ತವೆ. ರೇಡಿಯೋ ಕೆಟ್ಟಿರುವುದಿಲ್ಲ, ಹತ್ತಿರದವರ ಮಾತು ಚೆನ್ನಾಗಿ ಕೇಳುತ್ತದೆ. ಕುರುಡು ತಿರುವಿನ ಕೆಳಗಿನಿಂದ ಕೂಗುವ ಟಿಪ್ಪರಿನ ಮಾತು ಮಾತ್ರ ಕೇಳುವುದಿಲ್ಲ. ಭಾವನಿಗೋ ತನ್ನ ಸದ್ದು ಬಿಟ್ಟರೆ ಬೇರೆ ಯಾವ ಸದ್ದೂ ಸೇರದು. ಪಕ್ಕದ ಮನೆಯ ಮಗು ಅತ್ತರೆ ಕಿಟಕಿ ಬಡಿಯುವ ಮನುಷ್ಯ. ಜೀಪು ಗುಂಯ್ ಎಂದರೆ ಅವನು ಆ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾನೆ. ಕೈ ಅವನದು, ಬೆರಳ ಗುರುತು ಅವನದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಕೋಲನ್ನು ಕೈಗೆ ತೆಗೆದುಕೊಳ್ಳುವ ಅಗತ್ಯವೇ ಇರಲಿಲ್ಲ.

ರಜೆಯ ದಿನ ಊಟವಾದ ಮೇಲೆ ಭಾವ ಬಾಯಿ ತೆರೆದುಕೊಂಡು ಸೋಫಾದಲ್ಲಿ ಮಲಗಿದ್ದ. ಜೊಲ್ಲು ದಿಂಬಿಗೆ ಇಳಿದು ಭೂಪಟ ಬರೆಯುತ್ತಿತ್ತು. ಚೊಕ್ಕಣ್ಣ ಬಕೆಟ್ಟು, ಬಟ್ಟೆ, ಸೋಪಿನಪುಡಿ ತೆಗೆದುಕೊಂಡು ಮನೆಯ ಮುಂದೆ ನಿಂತಿದ್ದ ಜೀಪನ್ನು ತೊಳೆಯತೊಡಗಿದ. ಹೆಂಡತಿ ಬಾಗಿಲಿಗೆ ಬಂದು ನೋಡಿದಳು. ಅವಳ ಮುಖ ಅರಳಿತು.

‘ಅಣ್ಣನ ಗಾಡಿ ತೊಳೀತಿದೀರಾ?’

‘ನೋಡೋಕಾಗ್ತಿರ್ಲಿಲ್ಲ. ಅದಕ್ಕೆ.’

‘ಇರಿ, ಟೀ ತರ್ತೀನಿ.’ ಅವಳು ಎಷ್ಟೋ ದಿನಗಳ ಮೇಲೆ ಅಷ್ಟು ಮೆತ್ತಗೆ ಮಾತಾಡಿದ್ದಳು. ಟೀ ತಂದುಕೊಟ್ಟು, ಅವನ ತೋಳು ಮುಟ್ಟಿ, ಬಟ್ಟೆ ಮಡಚಲು ಒಳಗೆ ಹೋದಳು.

ಜೀಪಿನ ಒಳಗು ಭಾವನ ಒಳಗಿನಂತೆಯೇ ಇತ್ತು. ಬೂದಿಡಬ್ಬಿಯಲ್ಲಿ ಉಗುರು, ಹಲ್ಲಿಗೆ ಚುಚ್ಚಿಕೊಂಡ ಕಡ್ಡಿಗಳು. ಬಾಗಿಲ ಹೊರಗೆ, ಚಾಲಕನ ಕಿಟಕಿಯ ಕೆಳಗೆ, ಉಗುಳಿದ್ದು ಗಾಳಿಗೆ ಹಿಂದಕ್ಕೆ ಸಿಡಿದು ಒಣಗಿದ ಗೆರೆಗಳು. ಗೇರಿನ ಹಿಡಿಗೆ ಒಂದು ಕರವಸ್ತ್ರ ನೇತುಬಿದ್ದಿತ್ತು. ಅದು ಬಟ್ಟೆಯ ಹಾಗೆ ಮಡಚುತ್ತಿರಲಿಲ್ಲ, ರಟ್ಟಿನ ಹಾಗೆ ಸೆಟೆದಿತ್ತು. ಚೊಕ್ಕಣ್ಣ ಅದನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಮೋರಿಗೆ ಹಾಕಿದ.

ಆಮೇಲೆ ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಬಾನೆಟ್ಟು ಎತ್ತಿದ. ತಾಮ್ರದ ಪಟ್ಟಿಯ ಬೋಲ್ಟನ್ನು ಸಡಿಲಿಸಿ ತೆಗೆದು, ಗಣಿಯ ರಸ್ತೆಯ ಕುಲುಕಾಟಕ್ಕೆ ಬಿದ್ದುಹೋದಂತೆ ಪಟ್ಟಿಯ ಒಂದು ತುದಿಯನ್ನು ಜೋತು ಬಿಟ್ಟ. ಬೋಲ್ಟನ್ನು ಮೋರಿಗೆಸೆದ. ಇನ್ನು ಆಲ್ಟರ್ನೇಟರಿನಿಂದ ಕಂಡೆನ್ಸರಿಗೆ ಹೋಗುವ ತಂತಿ. ದಡ್ಡನಾದರೆ ಅದನ್ನು ಕಟಿಂಗ್ ಪ್ಲೈಯರಿನಲ್ಲಿ ಕತ್ತರಿಸುತ್ತಿದ್ದ. ಕತ್ತರಿಸಿದ ತಂತಿಯ ತುದಿ ಚಪ್ಪಟೆಯಾಗಿ ಹೊಳೆಯುತ್ತದೆ, ನೋಡುವ ಕಣ್ಣಿದ್ದವನಿಗೆ ಅದು ಸಾಕ್ಷಿ ಹೇಳುತ್ತದೆ. ಚೊಕ್ಕಣ್ಣ ಅದನ್ನು ಕಂಡೆನ್ಸರಿನ ಬುಡದಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದ, ತಾಳ್ಮೆಯಿಂದ, ಎಳೆ ಎಳೆಯಾಗಿ ಮುರಿಯುವವರೆಗೆ. ವರ್ಷಗಟ್ಟಲೆ ಅಲುಗಾಡಿ ದಣಿದ ತಂತಿ ಹೀಗೆಯೇ ಮುರಿಯುವುದು. ಕಂಡೆನ್ಸರಿನ ಕಡೆ ಉಳಿದ ಮೋಟು ತುದಿಯನ್ನು ಹತ್ತಿರದಿಂದ ನೋಡಿದ. ಎಳೆಗಳು ಚೂಪಾಗಿ, ಒಂದೊಂದು ಒಂದೊಂದು ಉದ್ದಕ್ಕೆ ತುಂಡಾಗಿದ್ದವು. ದೇವರೇ ಬಂದು ನೋಡಿದರೂ ಸವೆದು ಮುರಿದದ್ದೆಂದೇ ಬರೆಯುತ್ತಾನೆ.

ಒಳಗೆ ಭಾವ ನಿದ್ದೆಯಲ್ಲೇ ಒಮ್ಮೆ ಗೊರಕೆಯ ನಡುವೆ ಕ್ಯಾಕರಿಸಿ, ಅದನ್ನು ನುಂಗಿದ. ಆ ನುಂಗಿದ ಸದ್ದು ಕಿಟಕಿಯಿಂದ ನೇರ ಚೊಕ್ಕಣ್ಣನ ಹೊಟ್ಟೆಗೆ ಬಂತು. ಇನ್ನು ಕೆಲವೇ ದಿನ ಎಂದುಕೊಂಡ. ಬಚ್ಚಲನ್ನು ಹೇಗೆ ಆ್ಯಸಿಡ್ ಹಾಕಿ ಉಜ್ಜಬೇಕು, ಸೋಫಾವನ್ನು ಯಾರಿಗೆ ದಾನ ಕೊಡಬೇಕು, ಆ ಟ್ರಂಕನ್ನು ಮುಟ್ಟದೆ ಹೇಗೆ ಹೊರಗೆ ಹಾಕಬೇಕು ಎಂದು ಯೋಚಿಸುತ್ತಿದ್ದಂತೆ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿದವು. ಬಾನೆಟ್ಟು ಮುಚ್ಚಿ, ಜೀಪಿಗೆ ಕೊನೆಯ ಬಕೆಟ್ಟು ನೀರು ಹೊಯ್ದು, ಒಳಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ.

ಮರುದಿನವೇ ಜೀಪು ಹಾಡಿತು. ನಿಂತಲ್ಲಿ ಹೆಚ್ಚೇನೂ ಇಲ್ಲ, ವೇಗ ಏರಿದಂತೆ ಗುಂಯ್ ಎನ್ನುವುದು ಸೊಳ್ಳೆಯಾಗಿ, ಕಣಜವಾಗಿ, ಕೊನೆಗೆ ಗಿರಣಿಯಾಗುತ್ತಿತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡ್ರೈವರುಗಳೆಲ್ಲ ಕೂತಿದ್ದಾಗ ಭಾವ ಬಾಯಿ ತುಂಬ ಅಗಿಯುತ್ತಲೇ ಕೂಗಿದ.

‘ಏನಪ್ಪಾ ರಿಪೇರಿ ಸಾಹೇಬ್ರೇ, ನಿಮ್ಮ ರೇಡಿಯೋ ಕಿವಿ ತೂತು ಮಾಡ್ತಿದೆಯಲ್ಲ!’ ಒಂದು ಅಗುಳು ಹಾರಿ ಚೊಕ್ಕಣ್ಣನ ತಟ್ಟೆಯ ಅಂಚಿಗೆ ಬಿತ್ತು.

ಚೊಕ್ಕಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ‘ಯಾವುದೋ ಸಡಿಲ ಆಗಿರ್ಬೇಕು ಭಾವ. ಈ ವಾರ ಟಿಪ್ಪರ್‌ಗಳ ಕೆಲಸ ಮುಗಿಸಿ ಬಾನೆಟ್ ಎತ್ತಿ ನೋಡ್ತೀನಿ. ಅಲ್ಲೀವರೆಗೂ ಸ್ವಲ್ಪ ತಡ್ಕೊಳ್ಳಿ. ಆ ಚಿಕ್ಕ ಗುಂಡಿ ಮಾತ್ರ ಮುಟ್ಬೇಡಿ, ದೂರದ್ದು ಕೇಳಲ್ಲ.’ ಕೊನೆಯ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

‘ನಂಗೆ ಗುಂಡಿ ತಿರುಗ್ಸೋದು ಹೇಳ್ಕೊಡ್ತೀಯಾ? ನೀನು ಚಡ್ಡಿ ಹಾಕ್ತಿದ್ದಾಗ ನಾನು ಗಾಡಿ ಓಡಿಸ್ತಿದ್ದೆ ಕಣೋ!’ ಭಾವ ನಗುತ್ತ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದ. ದಪ್ಪ ಮೀಸೆಯ ಟಿಪ್ಪರ್ ಡ್ರೈವರೊಬ್ಬ, ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು, ಹಿಂದಿನಿಂದ ‘ಸಾರ್, ಅವ್ರು ಹೇಳೋದು ಕೇಳಿ ಸಾರ್’ ಎಂದ. ಸಾಕ್ಷಿ ತಾನಾಗಿ ಹುಟ್ಟಿಕೊಂಡಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಭಾವನ ಬೆನ್ನು ನೋಡುತ್ತ ಚೊಕ್ಕಣ್ಣ ಅಂದುಕೊಂಡ. ಬೇಡವೆಂದದ್ದನ್ನು ಮಾಡುವ ಗುಣವಿದ್ದವನಿಗೆ ಬೇಡ ಎಂದರೆ ಸಾಕು.

ಆ ಸಂಜೆ ಭಾವ ಮನೆಗೆ ಬಂದು ಜೀಪು ನಿಲ್ಲಿಸಿದಾಗ ಚೊಕ್ಕಣ್ಣ ಜೀಪಿನ ಕಿಟಕಿಯಿಂದಲೇ ಒಳಗಿಣುಕಿ ನೋಡಿದ. ಚಿಕ್ಕ ಗುಂಡಿಯ ಬಿಳಿ ಗೆರೆ ಬಲಗಡೆಯ ಕೊನೆಯಲ್ಲಿತ್ತು. ‘ನೋಡು, ಈಗ ಹೆಂಗೆ ಬಾಯಿ ಮುಚ್ಕೊಂಡಿದೆ!’ ಎಂದು ಭಾವ ಬೀಗುತ್ತ ಒಳಗೆ ಬಂದ. ಚಪ್ಪಲಿ ಬಿಡದೆ ನೇರ ಅಡಿಗೆಮನೆಗೆ ಹೋಗಿ ಮಡಕೆಗೆ ಲೋಟ ಅದ್ದಿದ, ಬೆರಳೂ ಸೇರಿ.

ಅದು ನಡೆದದ್ದು ಆ ವಾರವೇ, ಬಿಸಿಲು ನೆತ್ತಿಗೇರುವ ಹೊತ್ತಿಗೆ. ವರ್ಕ್‌ಶಾಪಿನ ರೇಡಿಯೋದಲ್ಲಿ ಮೀಸೆಯ ದನಿ ಬಂತು: ‘ಲೋಡು, ಕುರುಡು ತಿರುವು, ಹತ್ತಿಸ್ತಾ ಇದೀನಿ.’ ಗಣಿಯ ನೆತ್ತಿಯ ಮೇಲಿನ ಕಂಬದ ಆಂಟೆನಾದಿಂದ ತಂತಿ ಎಳೆದಿದ್ದರಿಂದ ವರ್ಕ್‌ಶಾಪಿಗೆ ಎಲ್ಲವೂ ಕೇಳುತ್ತಿತ್ತು. ಭಾವ ಆಗಷ್ಟೇ ಜೀಪು ಹತ್ತಿ ಕೆಳಗೆ ಹೊರಟದ್ದನ್ನು ಚೊಕ್ಕಣ್ಣ ನೋಡಿದ್ದ. ಮೇಜಿನ ಮೇಲೆ ಕೈಗೆ ಸಿಗುವಂತೆ ಮೈಕಿತ್ತು. ವರ್ಕ್‌ಶಾಪಿನ ಬಲವಾದ ದನಿ ಜೀಪಿಗೆ ಖಂಡಿತ ತಲುಪುತ್ತಿತ್ತು. ಗುಂಡಿ ಒತ್ತಿ ‘ಭಾವ, ನಿಲ್ಲಿ’ ಎಂದರೆ ಮುಗಿಯುತ್ತಿತ್ತು. ಅವನು ಮೈಕನ್ನು ನೋಡಿದ. ಬೆಳಿಗ್ಗೆ ಭಾವ ವರ್ಕ್‌ಶಾಪಿಗೆ ಬಂದವನು ಅದನ್ನು ಬಾಯಿಗೆ ಅಂಟಿಸಿಕೊಂಡು ಮಾತಾಡಿದ್ದ, ಜಾಲರಿಯ ಮೇಲೆ ಇನ್ನೂ ಎಂಜಲಿನ ಹನಿ ಒಣಗಿತ್ತು. ಚೊಕ್ಕಣ್ಣ ಎದ್ದು ಕೈ ತೊಳೆಯಲು ಹೋದ.

ನಲ್ಲಿ ನಿಲ್ಲಿಸುವ ಹೊತ್ತಿಗೆ ರೇಡಿಯೋದಲ್ಲಿ ಮೀಸೆ ಮಾತಾಡುತ್ತಿರಲಿಲ್ಲ, ಅರಚುತ್ತಿದ್ದ.

ಟಿಪ್ಪರಿನ ಮೂತಿ ಜೀಪಿನ ಚಾಲಕನ ಬಾಗಿಲಿಗೆ ನುಗ್ಗಿ ಅದನ್ನು ಬಂಡೆಗೆ ಒತ್ತಿತ್ತು. ಭಾವನ ಪ್ರಾಣ ಅಲ್ಲೇ ಹೋಗಿತ್ತು. ಜೀಪಿನ ಮುಂಭಾಗಕ್ಕೆ ಅಂಥ ಪೆಟ್ಟಾಗಿರಲಿಲ್ಲ. ಅದು ಒಳ್ಳೆಯದೇ ಆಯಿತೆಂದು ಚೊಕ್ಕಣ್ಣನಿಗೆ ಅನ್ನಿಸಿತು. ಬಾನೆಟ್ಟಿನೊಳಗೆ ಅವನು ಬಿಟ್ಟ ಕತೆಯನ್ನು ಓದಲು ಬರುವವರಿಗೆ ಅಕ್ಷರಗಳು ಅಳಿಸಿರಬಾರದು. ಆಡಳಿತದವರು ಜೀಪಿಗೆ ಟಾರ್ಪಾಲು ಹೊದಿಸಿ, ಹಿಂದಿನ ಶೆಡ್ಡಿನಲ್ಲಿಟ್ಟು ಬೀಗ ಜಡಿದರು. ಅವನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ತಲೆ ಹಾಕುವ ಅಗತ್ಯ ಇರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅವನು ಬೇಗ ಎಚ್ಚರಗೊಂಡು ಕಾದ. ಗೋಡೆಯ ಆಚೆಯಿಂದ ಏನೂ ಬರಲಿಲ್ಲ. ನಲ್ಲಿಯಿಂದ ಹನಿ ಬೀಳುವ ಸದ್ದು ಮಾತ್ರ, ಶುದ್ಧವಾದ, ನೀರಿನ ಸದ್ದು. ಅವನಿಗೆ ಅಳು ಬರುವಷ್ಟು ಸುಖವಾಯಿತು. ಪಕ್ಕದಲ್ಲಿ ಹೆಂಡತಿಯೂ ಎಚ್ಚರವಾಗಿದ್ದಳು, ಅವಳೂ ಕಿವಿಗೊಟ್ಟಿದ್ದಳು.

‘ಚಿಕ್ಕವಳಿದ್ದಾಗಿಂದ ಬೆಳಿಗ್ಗೆ ಆ ಸದ್ದು ಕೇಳೇ ಏಳ್ತಿದ್ದೆ ಕಣ್ರೀ,’ ಎಂದಳು. ‘ಅಪ್ಪ ಹೋದ್ಮೇಲೆ ಮನೇಲಿ ಭಯ ಆಗೋದು. ಗೋಡೆ ಆಚೆ ಅಣ್ಣ ಕ್ಯಾಕರಿಸಿದ್ರೆ, ಸದ್ಯ, ಇದಾನೆ ಅಂತ ಧೈರ್ಯ. ಇನ್ನೊಂದೇ ಒಂದು ಸಲ ಕೆಮ್ಮಿದ್ರೆ ಸಾಕಿತ್ತು.’

ಚೊಕ್ಕಣ್ಣ ಅವಳ ತಲೆ ಸವರಿದ. ಆಮೇಲೆ ಎದ್ದು ಹೋಗಿ ಬಚ್ಚಲಿಗೆ ಆ್ಯಸಿಡ್ ಸುರಿದು ಉಜ್ಜಿದ.

ತಿರುವಿನಲ್ಲಿ ಕೂಗಿ ಹೇಳಲಿಲ್ಲವೆಂದು ಮೀಸೆಯನ್ನು ಕೆಲಸದಿಂದ ನಿಲ್ಲಿಸಿದರು. ಅವನು ಕೂಗಿ ಹೇಳಿದ್ದನ್ನು ಕೇಳಿಸಿಕೊಂಡವನು ವರ್ಕ್‌ಶಾಪಿನಲ್ಲಿದ್ದ ಚೊಕ್ಕಣ್ಣನೊಬ್ಬನೇ, ಉಳಿದ ಡ್ರೈವರುಗಳು ಊಟಕ್ಕೆಂದು ಗಾಡಿ ಇಳಿದಿದ್ದರು. ಮೀಸೆ ಬಂದು ಬಾಗಿಲಲ್ಲಿ ನಿಂತು ಕೈ ಮುಗಿದ. ‘ಅಣ್ಣಾ, ನಾನು ಕೂಗಿದ್ದು ನಿಂಗೆ ಕೇಳಿಸ್ತಲ್ವಾ? ಒಂದು ಮಾತು ಹೇಳಣ್ಣಾ. ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ತಾರೆ.’ ಅಷ್ಟು ದೊಡ್ಡ ಮೀಸೆಯ ತುಂಬ ಕಣ್ಣೀರು, ಸಿಂಬಳ. ಚೊಕ್ಕಣ್ಣ ಒಂದು ಹೆಜ್ಜೆ ಹಿಂದೆ ಸರಿದು, ‘ನಾನು ಕೈ ತೊಳೆಯೋಕೆ ಹೋಗಿದ್ದೆ, ಸರಿಯಾಗಿ ಕೇಳಿಸ್ಲಿಲ್ಲ’ ಎಂದ. ಹೇಳಿದ್ದರೆ ಅವನಿಗೇನೂ ನಷ್ಟವಿರಲಿಲ್ಲ. ಆದರೆ ಹೇಳಿದರೆ ಮೀಸೆ ಅವನ ಕೈ ಹಿಡಿದುಕೊಳ್ಳುತ್ತಿದ್ದ. ಥೂ, ಇವನ ಚೊಕ್ಕತನಕ್ಕೆ ಬೆಂಕಿ ಬೀಳಲಿ. ಹೊರಗೆ ಉಗುಳುವವರನ್ನು ನೋಡಿದ್ದೇವೆ, ಇಂಥವರು ಎಲ್ಲವನ್ನೂ ಒಳಗೇ ಉಗುಳಿಕೊಂಡು ಬದುಕುತ್ತಾರೆ.

ಕೊನೆಗೆ ವಿಚಾರಣೆಗೆಂದು ಒಬ್ಬ ಅಧಿಕಾರಿ ಬಂದ. ಅವನನ್ನು ನೋಡಿ ಚೊಕ್ಕಣ್ಣನ ಜೀವ ಹಿಡಿಯಾಯಿತು, ಹೆದರಿಕೆಯಿಂದಲ್ಲ. ಆ ಮನುಷ್ಯನಿಗೆ ಹಾಳು ನೆಗಡಿ. ಮೂಗು ಕೆಂಪಾಗಿ ಸೋರುತ್ತಿತ್ತು. ಹಿಂಡಿದರೆ ನೀರು ಬರುವಂಥ ಕರವಸ್ತ್ರದಲ್ಲಿ ಒರೆಸಿ, ಅದೇ ಕೈಯನ್ನು ಮುಂದೆ ಚಾಚಿದ. ಚೊಕ್ಕಣ್ಣ ವಿಧಿಯಿಲ್ಲದೆ ಕುಲುಕಿದ. ಅಂಗೈ ಒದ್ದೆಯಾಯಿತು. ಆಮೇಲಿನ ಮಾತುಕತೆಯುದ್ದಕ್ಕೂ ಆ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡೇ ನಿಂತಿದ್ದ.

ಶೆಡ್ಡಿನ ಮುಂದೆ ಮ್ಯಾನೇಜರು, ಮೀಸೆ, ಇನ್ನೂ ಕೆಲವರು ಸೇರಿದ್ದರು. ಚಿಕ್ಕ ಗುಂಡಿ ಕೊನೆಯವರೆಗೆ ತಿರುಗಿರುವುದನ್ನು ಅಧಿಕಾರಿ ಆಗಲೇ ನೋಡಿದ್ದ. ಕ್ಯಾಂಟೀನಿನಲ್ಲಿ ಚೊಕ್ಕಣ್ಣ ಎಚ್ಚರಿಸಿದ್ದನ್ನು ಎಲ್ಲರೂ ಹೇಳಿದರು. ಮೀಸೆಯೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ.

‘ಗದ್ದಲ ಯಾಕೆ ಬಂತು ಅಂತೀರಿ?’ ಅಧಿಕಾರಿ ಕೇಳಿ, ಸೀನಿದ.

‘ಕುಲುಕಾಟಕ್ಕೆ ಸಾರ್. ಗದ್ದಲಾನ ಗಾಡಿ ಮೈಗೆ ಇಳಿಸೋ ಪಟ್ಟಿ ಸಡಿಲ ಆಗುತ್ತೆ, ತಂತಿ ಸವೆದು ಮುರಿಯುತ್ತೆ. ಈ ರಸ್ತೇಲಿ ಸಾಮಾನ್ಯ. ಬೇಕಾದ್ರೆ ಬಾನೆಟ್ ಎತ್ತಿ ನೋಡಿ.’

‘ನೀವು ನೋಡಿರ್ಲಿಲ್ವಾ?’

‘ವರ್ಷದ ಹಿಂದೆ ನಾನೇ ಎಲ್ಲಾ ಬಿಗಿದು ಕೊಟ್ಟಿದ್ದೆ. ಆಮೇಲೆ ಆ ಬಾನೆಟ್ ನಾನು ಎತ್ತೇ ಇಲ್ಲ ಸಾರ್. ಅದೇ ನಂಗೆ ಹೊಟ್ಟೆ ಉರಿಯೋ ವಿಷಯ. ಅವತ್ತೇ ಎತ್ತಿ ನೋಡಿದ್ರೆ ನಮ್ಮ ಭಾವ ಇವತ್ತು ಇರ್ತಿದ್ರು.’ ದನಿ ಸರಿಯಾದ ಜಾಗದಲ್ಲಿ ನಡುಗಿತು. ಮ್ಯಾನೇಜರು ಅವನ ಬೆನ್ನು ತಟ್ಟಿದರು. ಅಧಿಕಾರಿ ತಲೆಯಾಡಿಸಿ, ಮೂಗೊರೆಸಿಕೊಂಡು, ಬಾನೆಟ್ಟಿನ ಮೇಲಿನ ಟಾರ್ಪಾಲನ್ನೂ ಸರಿಸಲು ಹೇಳಿದ. ಚೊಕ್ಕಣ್ಣನಿಗೆ ಇನ್ನು ತಾಳಲಾಗಲಿಲ್ಲ. ‘ಒಂದು ನಿಮಿಷ ಸಾರ್’ ಎಂದು ನಲ್ಲಿಯ ಕಡೆ ಓಡಿ, ಸೋಪಿನ ಡಬ್ಬಿಯ ಬೀಗ ತೆಗೆದು, ಆ ಅಂಗೈಯನ್ನು ಚರ್ಮ ಕೆಂಪಾಗುವವರೆಗೆ ಉಜ್ಜಿ ತೊಳೆದ.

ಅವನು ಹಿಂತಿರುಗಿದಾಗ ಎಲ್ಲರೂ ಜೀಪಿನ ಮೇಲೆ ಬಗ್ಗಿ ನೋಡುತ್ತಿದ್ದರು. ಬಾನೆಟ್ಟು ತೆರೆದಿತ್ತು. ತಾಮ್ರದ ಪಟ್ಟಿ ಅವನು ಬಿಟ್ಟಂತೆಯೇ ಜೋತುಬಿದ್ದಿತ್ತು, ಕಂಡೆನ್ಸರಿನ ಬುಡದಲ್ಲಿ ತಂತಿಯ ಮೋಟು ತುದಿ ಅವನು ಮುರಿದಂತೆಯೇ ಸವೆದು ಮುರಿದಿತ್ತು. ಅಧಿಕಾರಿ ಹಿಡಿದುಕೊಂಡಿದ್ದದ್ದು ತಂತಿಯ ಇನ್ನೊಂದು ತುಂಡನ್ನು, ಆಲ್ಟರ್ನೇಟರಿಗೆ ಅಂಟಿಕೊಂಡೇ ಇದ್ದ, ಕರೆಂಟು ಹರಿಯುವ ತುಂಡನ್ನು. ಅಂಥ ತುದಿಯನ್ನು ಬತ್ತಲೆ ಬಿಡುವುದು ಚೊಕ್ಕಣ್ಣನ ಕೈಗಳಿಗೆ ಹುಟ್ಟಾ ಗೊತ್ತಿರಲಿಲ್ಲ, ಗ್ರೀಸಿನ ಕೈಯಲ್ಲಿ ಊಟ ಮಾಡಿದಷ್ಟೇ ಹೇಸಿಗೆ. ಮೀಸೆ ಒಮ್ಮೆ ಆ ತುದಿಯನ್ನು ನೋಡಿದ, ಒಮ್ಮೆ ಚೊಕ್ಕಣ್ಣನ ಒದ್ದೆ ಕೈಗಳನ್ನು ನೋಡಿದ. ಆ ತುದಿಯ ಸುತ್ತ ಹೊಸ ಕಪ್ಪು ಇನ್ಸುಲೇಷನ್ ಟೇಪು ಸುಕ್ಕಿಲ್ಲದೆ, ಅಚ್ಚುಕಟ್ಟಾಗಿ ಸುತ್ತಿತ್ತು, ಮುಂದೆ ಬಿಚ್ಚುವವನ ಉಗುರಿಗೆ ಸುಲಭವಾಗಲೆಂದು ಕೊನೆಯನ್ನು ಮಡಚಿ ಪುಟ್ಟ ಕಿವಿ ಬಿಟ್ಟಿತ್ತು. ಗಣಿಯ ಪ್ರತಿ ಗಾಡಿಯಲ್ಲೂ ಚೊಕ್ಕಣ್ಣ ಮುಟ್ಟಿದ ಪ್ರತಿ ತಂತಿಯೂ ಹಾಗೆಯೇ ಇರುತ್ತಿತ್ತು. ಅಧಿಕಾರಿ ಮೂಗು ಸೇದಿಕೊಂಡು, ಸವೆದು ತಾನಾಗಿ ಮುರಿದ ತಂತಿಗೆ ಇದನ್ನು ಯಾರು ಸುತ್ತಿದರು ಎಂದು ಕೇಳಿದ.